ಥಂಡಿಗೆಂದು ಹೊಲಿದ ಕೌದಿ

ದಿಲ್ಲಿಯ ಚಳಿಯ ಬಗ್ಗೆ ಬ್ಯಾಡಗಿಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ದಿಲ್ಲಿಯನ್ನು ಕಣ್ಣಾರೆ ಕಂಡವರು ಮಾತ್ರ ನಮ್ಮ ಓಣಿಯಲ್ಲಿ ಒಬ್ಬರೇ, ವಿರೂಪಾಕ್ಷಪ್ಪ ಮಾಸ್ತರು. ಅವರೂ ಹೋಗಿದ್ದು ಯಾವ ಕಾಲದಲ್ಲೋ, ಸ್ಕೌಟ್ ಹುಡುಗರನ್ನು ಕರೆದುಕೊಂಡು. ಆದರೂ ಎಂಬತ್ತೆಂಟರ ಆ ಡಿಸೆಂಬರಿನಲ್ಲಿ ನಾನು ಕೊಡ ಹಿಡಿದು ನಳದ ಕಡೆ ಹೊರಟರೆ ಸಾಕು, ಒಬ್ಬೊಬ್ಬರೂ ಒಂದೊಂದು ಹೇಳುವವರೇ. ಅಲ್ಲಿ ಅಡಿಗೆಯ ಒಳ್ಳೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದಂತೆ. ಮೂಗು ಮುಟ್ಟಿಕೊಂಡರೆ ಮೂಗು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಂತೆ. ಮುಂಜಾನೆ ಉಗುಳಿದರೆ ನೆಲಕ್ಕೆ ಬೀಳುವಷ್ಟರಲ್ಲಿ ಆಣಿಕಲ್ಲಾಗುತ್ತದಂತೆ. ಕೇಳಿ ಕೇಳಿ ನನಗೆ ಇಲ್ಲೇ ನೆಗಡಿ ಬರುವಂತಾಗಿತ್ತು.

ನಾನು ಹಾಜಿರಾಬಿ. ನನ್ನ ಗಂಡ ಶಮಶೇರಸಾಬರದು ಮೆಣಸಿನಕಾಯಿ ವ್ಯಾಪಾರ. ವ್ಯಾಪಾರ ಎಂದರೆ ದೊಡ್ಡದೇನಲ್ಲ; ರೈತರಿಂದ ಕೊಂಡು, ಒಣಗಿಸಿ, ತೊಟ್ಟು ಬಿಡಿಸಿ, ಆರಿಸಿ ದೊಡ್ಡವರಿಗೆ ಕೊಡುವುದು. ಒಣಗಿಸುವುದು, ಬಿಡಿಸುವುದು, ಆರಿಸುವುದು ನನ್ನ ಪಾಲು. ಕೊಡುವುದು ಮತ್ತು ಚಹಾ ಕುಡಿಯುವುದು ಅವರ ಪಾಲು. ಮನೆಯ ಮುಂದಿನ ಅರ್ಧದಲ್ಲಿ ನಾವು ಇರುತ್ತೇವೆ, ಹಿಂದಿನ ಅರ್ಧದಲ್ಲಿ ಕಾಯಿ ಇರುತ್ತದೆ. ಚಳಿಗಾಲ ಬಂತೆಂದರೆ ಕಾಯಿ ಮುಂದೆ ಬರುತ್ತದೆ, ನಾವು ಮೂಲೆ ಸೇರುತ್ತೇವೆ.

ನಮ್ಮ ಒಬ್ಬಳೇ ಮಗಳು ಹಸೀನಾ. ಅವಳನ್ನು ದಿಲ್ಲಿಯಲ್ಲಿ ಸರಕಾರಿ ಗಾಡಿ ಓಡಿಸುವ ನಾಸೀರನಿಗೆ ಕೊಟ್ಟಿದ್ದೆವು. ಹುಡುಗ ಹಾವೇರಿಯವನೇ, ಒಳ್ಳೆಯವನು. ತಪ್ಪು ಹುಡುಕಿದರೆ ಅವನಿರುವ ಊರೊಂದೇ ತಪ್ಪು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ಹಸೀನಾ ಮೊದಲ ಸಲ ಬಸುರಿಯಾದಾಗ ನಡುವೆಯೇ ಹಾಸಿಗೆ ಹಿಡಿದಳು, ಬರಲಾಗಲಿಲ್ಲ. ಹಾಗಾದರೆ ನಾವೇ ಹೋಗುವುದು ಎಂದಾಯಿತು. ಟ್ರಂಕು ತುಂಬಿದೆವು. ನನ್ನ ಗಂಡ, "ಈಗ ಥಂಡಿ ಭಾಳ ಐತಂತ, ಸ್ವಲ್ಪ ಇಳೀಲಿ" ಎಂದರು. ಥಂಡಿ ಇಳಿಯುವಷ್ಟರಲ್ಲಿ ಕೂಸು ಹುಟ್ಟಿ, ಒಂದು ಸಲವೂ ಅಳದೆ ಹೋಗಿಬಿಟ್ಟಿತ್ತು. ಆ ಹೊತ್ತಿನಲ್ಲಿ ನನ್ನ ಮಗಳ ಬಳಿ ತನ್ನವರೆಂದು ಒಂದು ಹೆಣ್ಣು ಜೀವ ಇರಲಿಲ್ಲ. ಅದನ್ನು ಮರೆಯಲು ನನ್ನ ಗಂಡನನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಈಗ ಮತ್ತೆ ಬಸುರಿ, ಮತ್ತೆ ಜನವರಿ. ರೈಲಿನಲ್ಲಿ ಅಷ್ಟು ದೂರ ಕೂರುವಂತಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರಂತೆ. ದಲಾಲಿ ಅಂಗಡಿಯ ಫೋನಿಗೆ ಟ್ರಂಕ್ ಕಾಲ್ ಮಾಡಿಸಿ ಅವಳು ನನಗೆ ಹೇಳಿದ್ದು ಇಷ್ಟೇ: "ಅಮ್ಮಾ, ಈ ಸಲ ನೀ ಬಂದ ಮ್ಯಾಲೇನ ನಾ ದವಾಖಾನಿ ಮೆಟ್ಟಲಾ ಹತ್ತಾಕಿ. ಒಬ್ಬಾಕಿನ ಹೋಗಾಕ ನನ್ನ ಕೈಲೆ ಆಗೂದಿಲ್ಲ." ಅಂಗಡಿಯಲ್ಲಿ ಅಷ್ಟು ಗಂಡಸರು ಕೂತಿದ್ದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ.

ಅಂದಿನಿಂದ ನನ್ನ ಗಂಡ ರೇಡಿಯೋ ಮುಂದೆ ಕೂತರು. ವಾರ್ತೆ ಮುಗಿದು ಹವಾಮಾನ ಬರುವವರೆಗೆ ಊಟದ ತಾಟು ಮುಟ್ಟುವಂತಿಲ್ಲ.

"ಏ ಹಾಜಿರಾ, ಕೇಳಿದೇನ? ಉತ್ತರದಾಗ ಶೀತಗಾಳಿ ಅಂತ. ಮಂದಿ ಸಾಯಾಕತ್ಯಾರಂತ."

"ಮಂದಿ ಎಲ್ಲಾ ಕಡೆ ಸಾಯ್ತಾರ. ಹ್ವಾದ ತಿಂಗಳ ನಮ್ಮ ಓಣ್ಯಾಗ ಇಬ್ಬರು ಸತ್ರಲ್ಲ, ಆವಾಗ ಯಾವ ಗಾಳಿ ಬೀಸಿತ್ತು?"

"ಸಿಟ್ಟಿಗೇಳಬ್ಯಾಡ. ಫೆಬ್ರುವರಿಗೆ ಹೋದ್ರಾತು ಅಂತೇನಿ."

"ಫೆಬ್ರುವರಿಗೆ ಕೂಸು ತೊಟ್ಟಲದಾಗ ಇರತೈತಿ. ಹಡಿಯಾಕಿನ್ನ ಕೇಳಿ ಹುಟ್ಟೂದಿಲ್ಲ ಅದು, ನಿಮ್ಮ ಪ್ಯಾಟಿ ಧಾರಣಿ ಕೇಳಿ ಹುಟ್ಟತೈತೇನ್ರಿ?"

"ಗಾಳಿ ಬಂದಾಗ ತೂರ್ಕೋಬೇಕು. ಎರಡು ತಿಂಗಳ ಸುಗ್ಗಿ..."

"ತೂರ್ಕೋರಿ. ಕುಂತು ತೂರ್ಕೋರಿ. ನಾ ಅಂತೂ ಹೊಂಟೆ."

ಹೇಳುವುದು ಹೇಳಿಬಿಟ್ಟೆ. ಆಮೇಲೆ ಒಲೆಯ ಮುಂದೆ ಕೂತು ದಾರಿಯ ಲೆಕ್ಕ ಹಾಕಿದೆ. ಹುಬ್ಬಳ್ಳಿಯಾಚೆ ಊರು ಕಂಡವಳಲ್ಲ ನಾನು. ದಿನವಿಡೀ ಕಾಯಿ ಬಿಡಿಸಿ ಬಿಡಿಸಿ ರಾತ್ರಿ ಬೆನ್ನು ನೆಲಕ್ಕೆ ತಾಗಿದರೆ ಸಾಕೆನ್ನುವ ವಯಸ್ಸು. ದಿಲ್ಲಿ ಎಂದರೆ ಮೂರು ಗಾಡಿ ಬದಲಿಸಬೇಕಂತೆ. ಯೋಚಿಸಿದರೇ ಸುಸ್ತಾಗುತ್ತಿತ್ತು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ನಾನು ಕುಲಾವಿ ಹೊಲಿಯಲಿಲ್ಲ, ಕೌದಿ ಹೊಲಿದೆ. ಹಸುಗೂಸಿನ ಮೈಗೆ ಹೊಸ ಬಟ್ಟೆ ತಾಗಿಸಬಾರದು. ಹಿರಿಯರು ಉಟ್ಟು ಸವೆಸಿದ ಮೆತ್ತನೆಯ ಬಟ್ಟೆಯೇ ಆಗಬೇಕು, ಅವರ ಆಯುಷ್ಯ ಕೂಸಿಗೆ ತಾಗಲೆಂದು. ನಾನು ಉಟ್ಟು ಸವೆಸಿದ ಸೀರೆ ಎಂದರೆ ಕಾಯಿ ಬಿಡಿಸಲು ಕೂರುವಾಗ ಉಡುವ ಸೀರೆಗಳೇ. ಅವನ್ನು ಪದರ ಪದರವಾಗಿ ಹಾಸಿ ನಾಲ್ಕು ಕೌದಿ ಹೊಲಿದೆ. ಹೊಲಿದದ್ದು ಎಲ್ಲಿ? ಕಾಯಿಯ ರಾಶಿಯ ಪಕ್ಕದಲ್ಲೇ, ಬಾಜು ಮನೆಯ ಫಕ್ಕೀರವ್ವನ ಜೊತೆ, ಕೈಗೆ ಸ್ವಲ್ಪ ಬಿಡುವಾದಾಗಲೆಲ್ಲ. ಒಗೆದು ಮಾಳಿಗೆಯ ಮೇಲೆ ಒಣಹಾಕಿದೆ, ಅಲ್ಲೂ ಕಾಯಿಯೇ ಹರಡಿತ್ತು. ಕಾಯಿಯ ಖೋಲಿಗೆ ಇಲಿ ಬರುವುದಿಲ್ಲ, ನುಸಿ ಹಿಡಿಯುವುದಿಲ್ಲ ಎಂದು ಮಡಚಿ ಅಲ್ಲೇ ಇಟ್ಟೆ.

ಪರ ಊರಿನವರು ಬ್ಯಾಡಗಿಯಲ್ಲಿ ಬಸ್ಸಿಳಿದ ಕೂಡಲೇ ಮೂಗಿಗೆ ಕರವಸ್ತ್ರ ಒತ್ತುತ್ತಾರೆ. ನಾವು ನೋಡಿ ನಗುತ್ತೇವೆ. ನಮ್ಮ ಕಾಯಿಯಲ್ಲಿ ಖಾರವೇ ಕಡಿಮೆ, ಅದು ಬಣ್ಣಕ್ಕೆ ಹೆಸರಾದದ್ದು. "ಘಾಟ ನೋಡೂದಿತ್ತಂದ್ರ ಗುಂಟೂರಿಗೆ ಹೋಗ್ರಿ" ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾರೆ, ತಾವೇನೋ ಗುಂಟೂರು ನೋಡಿ ಬಂದವರ ಹಾಗೆ.

ವಿರೂಪಾಕ್ಷಪ್ಪ ಮಾಸ್ತರು ತಾವಾಗಿಯೇ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ದಿಲ್ಲಿಯ ಪಾಠ ಮಾಡಿದರು. "ನೋಡವಾ ತಂಗಿ, ಅಲ್ಲಿ ಥಂಡಿ ಕಾಲಿನಿಂದ ಏರತೈತಿ. ಕಾಲಚೀಲ ಬೇಕು. ಕಿವಿಯಿಂದ ಒಳಗ ಹೋಗತೈತಿ. ಮಫ್ಲರ್ ಬೇಕು. ಮಂಜ ಅಂದ್ರ ಎಂಥಾ ಮಂಜಂತಿ, ನಿನ್ನ ಕೈ ನಿನಗ ಕಾಣೂದಿಲ್ಲ."

"ಕೂಸಿಗೆ ಏನ ಮಾಡ್ಬೇಕ್ರಿ ಸರ?"

ಮಾಸ್ತರು ಮದುವೆಯಾದವರಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಕೂಸಿಗೆ ಗಾಳಿ ಸೋಕಿಸಬ್ಯಾಡ. ಕಿಟಕಿ ಬಾಗಿಲಾ ತಗೀಲೇಬ್ಯಾಡ. ಮ್ಯಾಲಿಂದ ಮ್ಯಾಲ ಹೊಚ್ಚಬೇಕು" ಎಂದರು. ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇದೊಂದೇ. ಇದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಸ್ವೆಟರಿಗೆಂದು ಹಾವೇರಿಗೆ ಹೋದೆ. ಚಳಿಗಾಲದಲ್ಲಿ ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಮುಂಡಗೋಡಿನ ಟಿಬೇಟಿನವರು ಹಗ್ಗ ಕಟ್ಟಿ ಸ್ವೆಟರ್ ಇಳಿಬಿಡುತ್ತಾರೆ. ಒಂದು ಮುದುಕಿಯ ಅಂಗಡಿಯಲ್ಲಿ ಕಂದು ಬಣ್ಣದ್ದನ್ನು ಹಾಕಿ ನೋಡಿದೆ, ಬಿಗಿಯಾಯಿತು. ನೀಲಿ ಹಾಕಿದೆ, ತೋಳು ಉದ್ದವಾಯಿತು. ನಾನು ತೆಗೆದು ಕೊಟ್ಟ ಒಂದೊಂದನ್ನು ಮಡಚುವಾಗಲೂ ಮುದುಕಿ ಸೀನಿದಳು. ಸೀನಿ ಸೀನಿ ಕಣ್ಣೆಲ್ಲ ಕೆಂಪಾಯಿತು. ಕೊನೆಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿಯಲ್ಲಿ ಏನೋ ಗೊಣಗಿ, ಸ್ಟೂಲನ್ನು ದೂರ ಎಳೆದುಕೊಂಡು ಕೂತಳು. ನನಗೆ ಮೈ ಉರಿಯಿತು. ಹಿಮದ ನಾಡಿನವರು, ಸ್ವೆಟರ್ ಮಾರುವವರು, ಇವರಿಗೇ ಹಾವೇರಿಯ ಥಂಡಿ ತಡೆಯುವುದಿಲ್ಲವೆಂದರೆ ಇವರ ಸ್ವೆಟರ್ ನನ್ನನ್ನು ದಿಲ್ಲಿಯಲ್ಲಿ ಕಾಪಾಡುತ್ತದೆಯೇ? ಚೌಕಾಶಿ ಮಾಡಿ ನೀಲಿಯದನ್ನೇ ತಂದೆ.

ಜೊತೆಗೆ ಬರಲು ಒಬ್ಬ ಗಂಡಸು ಬೇಕಲ್ಲ. ರಾಣೆಬೆನ್ನೂರಿನಲ್ಲಿ ನನ್ನ ಮೈದುನ ಅಬ್ದುಲರಜಾಕನದು ಬೀಜದ ಅಂಗಡಿ. ಎರಡು ಸಲ ಬೊಂಬಾಯಿ ನೋಡಿ ಬಂದವನೆಂದು ನಮ್ಮ ಮನೆತನದಲ್ಲಿ ಅವನೇ ದೊಡ್ಡ ಪ್ರವಾಸಿ. ನಾನು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಕೆಮ್ಮಿದ.

"ಭಾಭಿ ಬಂದ್ರು ಅಂತ ಕಣ್ಣಿಲೆ ನೋಡೂದ ಬ್ಯಾಡ, ನನ್ನ ಗಂಟಲಕ್ಕ ಮೊದಲ ಗೊತ್ತಾಗತೈತಿ" ಎಂದು ಗಿರಾಕಿಗಳ ಮುಂದೆ ನಗೆಯಾಡಿದ. ನನ್ನ ಸಿಟ್ಟಿನ ಮೇಲೆ ಚಾಷ್ಟಿ ಮಾಡುತ್ತಾನೆ ಎಂದುಕೊಂಡೆ.

"ನಗೂದು ಆಮ್ಯಾಲ. ದಿಲ್ಲಿಗೆ ಬರ್ತೀಯೋ ಇಲ್ಲೋ?"

"ಬರ್ತೇನಿ. ಆದ್ರ ಭಾಭಿ, ದಿಲ್ಲಿ ಅಂದ್ರ ಬೊಂಬಾಯಿದಂಗಲ್ಲ. ಪ್ಲ್ಯಾನ್ ಮಾಡ್ಬೇಕು."

ಅವನ ಪ್ಲ್ಯಾನು ಮುಗಿಯಲು ಹೊಸ ವರ್ಷವೇ ಬಂತು. ಒಂದು ವಾರ ಟಿಕೆಟ್ಟಿನ ವಿಚಾರ. ಆಮೇಲೆ ಕಂಬಳಿಯ ವಿಚಾರ. ಮೇಡ್ಲೇರಿಯ ಕಂಬಳಿಯೇ ಆಗಬೇಕು, ಅದಕ್ಕೆ ಸಂತೆಯ ತನಕ ಕಾಯಬೇಕು ಎಂದ. ಸಂತೆಯ ದಿನ ಹೋದರೆ ಅವನಿಗೆ ಬಣ್ಣ ಒಪ್ಪಿಗೆಯಾಗಲಿಲ್ಲ. ಕರಿ ಕಂಬಳಿಗೆ ಬೇರೆ ಬಣ್ಣ ಎಲ್ಲಿಂದ ಬರಬೇಕು? ಕೊನೆಗೆ ನಾನೇ ಒಂದನ್ನು ಕೊಂಡೆ. ನಾನು ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಎಂದು ಕೆಂಪು ಬಸ್ಸಿನಲ್ಲಿ ಗಾಣದೆತ್ತಿನ ಹಾಗೆ ಸುತ್ತಿದೆ. ಮನೆಗೆ ಬಂದರೆ ಕಾಯಿ ಕಾಯುತ್ತಿತ್ತು. ಕಾಯಿ ಮುಗಿದರೆ ರೇಡಿಯೋ ಇತ್ತು. ಒಮ್ಮೊಮ್ಮೆ ಹಾಸಿಗೆಯಲ್ಲಿ ಬಿದ್ದು, ಯಾ ಅಲ್ಲಾ, ಇಷ್ಟು ದಣಿದ ಮೇಲೆ ಹೋಗಿ ಬಾಣಂತನ ಮಾಡುವುದು ಯಾವ ಕೈಯಿಂದ ಎಂದು ಅಳು ಬರುತ್ತಿತ್ತು.

ಜನವರಿ ನಡುವಿಗೆ ಮತ್ತೆ ಫೋನು ಬಂತು. ಈ ಸಲ ನಾಸೀರ. ಡಾಕ್ಟರು ಹೇಳಿದ್ದಕ್ಕಿಂತ ಬೇಗ ಆಗಬಹುದಂತೆ. ನಾನು ನೆಟ್ಟಗೆ ರಾಣೆಬೆನ್ನೂರಿಗೆ ಹೋಗಿ ರಜಾಕನ ಅಂಗಡಿಯಲ್ಲಿ ನಿಂತು, "ನಾಳೆ ಗಾಡಿ ಹತ್ತೂದು. ನೀ ಬಂದ್ರ ಬಾ, ಇಲ್ಲಂದ್ರ ಟಿಕೀಟ ನನ್ನ ಕೈಯಾಗ ಕೊಡು" ಎಂದೆ. ಅವನು ಕೆಮ್ಮಿದ, ಆದರೆ ಈ ಸಲ ನಗಲಿಲ್ಲ. ಮರುದಿನ ಬಂದ.

ಹೊರಡುವ ಮುನ್ನ ಫಕ್ಕೀರವ್ವ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಒಣಕಾಯಿ ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿ ತೆಗೆಯುವ ರೀತಿ ಎಲ್ಲ ಕಡೆಯೂ ಒಂದೇ. ಕೆಂಡಕ್ಕೆ ಬಿದ್ದ ಕಾಯಿ ಘಾಟು ಹೊಡೆದರೆ ದೃಷ್ಟಿ ಆಗಿಲ್ಲ. ಘಾಟು ಬಾರದಿದ್ದರೆ ದೃಷ್ಟಿ ಆಗಿತ್ತು, ಈಗ ಹೋಯಿತು. ಕಾಯಿ ಚಿಟಪಟ ಎಂದು ಸುಟ್ಟು ಕರಿಯಾದವು. ನಾವಿಬ್ಬರೂ ಮೂಗು ಮುಂದೆ ಮಾಡಿ ನಿಂತೆವು. ಏನೇನೂ ಇಲ್ಲ.

"ನೋಡವಾ ನನ್ನವ್ವ, ಒಂದೀಟ ಘಾಟ ಬರಲಿಲ್ಲ! ಎಷ್ಟ ಮಂದಿ ಕಣ್ಣ ಬಿದ್ದಿತ್ತ ನಿನ ಮ್ಯಾಲ" ಎಂದು ಫಕ್ಕೀರವ್ವ ನೆಟಿಗೆ ಮುರಿದಳು. ನಮ್ಮ ಓಣಿಯಲ್ಲಿ ಯಾರಿಗೆ ನಿವಾಳಿಸಿದರೂ ದೃಷ್ಟಿ ಆಗಿಯೇ ಇರುತ್ತದೆ. ಆಗದೇ ಉಳಿದವರನ್ನು ನಾನು ಕಂಡಿಲ್ಲ.

ಸ್ಟೇಷನ್ನಿನಲ್ಲಿ ನನ್ನ ಗಂಡ ತಮ್ಮ ಮಫ್ಲರ್ ಬಿಚ್ಚಿ ನನಗೆ ಕೊಟ್ಟರು. ನಾನು, "ಪ್ಯಾಟಿ ಬಿಟ್ಟು ಬಂದೀರಿ, ಧಾರಣಿ ಬಿದ್ದೀತು, ಹೋಗ್ರಿ" ಎಂದೆ. ಅವರು ಹೋಗಲಿಲ್ಲ. ಕಿಟಕಿಯ ಸರಳು ಹಿಡಿದು ನೆಲ ನೋಡುತ್ತ ಹೇಳಿದರು: "ಪ್ಯಾಟಿ ಅಲ್ಲ ಹಾಜಿರಾ. ಹ್ವಾದ ಸಲದಂಗ ಸುದ್ದಿ ಬಂತಂದ್ರ ನಾ ಅಲ್ಲಿ ನಿಂತು ಕೇಳಾಂವ ಅಲ್ಲ. ನನಗ ಹೆದರಿಕಿ ಆಗತೈತಿ. ಕೂಸಿಗೆ ಥಂಡಿ ಹತ್ತದಂಗ ನೋಡ್ಕೊ." ಅಷ್ಟು ದಿನ ಬೈದಿದ್ದೆ. ಅಂದು ಮಾತ್ರ ಅವರ ಮಫ್ಲರನ್ನು ಕೊರಳಿಗೆ ಸುತ್ತಿಕೊಂಡೆ. ಗಾಡಿ ಬಿಟ್ಟಿತು.

ದಾರಿಯಲ್ಲಿ ನಮ್ಮ ಡಬ್ಬಿಯವರೆಲ್ಲ ಸೀನಿದರು. ಹುಬ್ಬಳ್ಳಿಯಲ್ಲಿ ಹತ್ತಿದವರೂ ಸೀನಿದರು, ಮಿರಜದಲ್ಲಿ ಹತ್ತಿದವರೂ ಸೀನಿದರು. ನಮ್ಮ ಬೆಂಚಿನಿಂದ ಒಬ್ಬೊಬ್ಬರೇ ಎದ್ದು ಬೇರೆ ಕಡೆ ಹೋಗಿ, ನಮಗಿಬ್ಬರಿಗೂ ಕಾಲು ಚಾಚಲು ಜಾಗ ಸಿಕ್ಕಿತು. ಉತ್ತರಕ್ಕೆ ಹೋದಂತೆ ಥಂಡಿ ಏರುತ್ತಿದೆ, ಎಲ್ಲರಿಗೂ ನೆಗಡಿ ಹತ್ತುತ್ತಿದೆ ಎಂದು ರಜಾಕ ವಿವರಿಸಿದ, ತಾನೂ ಕೆಮ್ಮುತ್ತ. ನನಗೆ ಮಾತ್ರ ಏನೂ ಆಗಲಿಲ್ಲ. ನಾನು ಕೌದಿಯ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗಿದೆ.

ದಿಲ್ಲಿಯಲ್ಲಿ ಮಂಜು ಮಾಸ್ತರು ಹೇಳಿದ್ದಕ್ಕಿಂತ ಹೆಚ್ಚೇ ಇತ್ತು. ನಾಸೀರನ ಮನೆ ಸರಕಾರಿ ಕ್ವಾರ್ಟರ್ಸಿನ ಮೇಲಿನ ಅಂತಸ್ತಿನಲ್ಲಿ, ಬಾಗಿಲಾಚೆ ತೆರೆದ ಮಾಳಿಗೆ. ಬಾಗಿಲು ತೆಗೆದವಳೇ ಹಸೀನಾ ಅಷ್ಟು ದೊಡ್ಡ ಹೊಟ್ಟೆ ಹೊತ್ತು ನನ್ನ ಕೊರಳಿಗೆ ಬಿದ್ದಳು. ನನ್ನ ಸೆರಗಿನಲ್ಲಿ ಮುಖ ಒತ್ತಿ, "ಅಮ್ಮಾ, ಊರಿನ ವಾಸನಿ ಬಂತು" ಎಂದು ಅತ್ತಳು, ಸೀನಿದಳು, ಮತ್ತೆ ಅತ್ತಳು.

"ಥಂಡಿ ಹತ್ತೈತಿ ನೋಡು ನಿನಗ" ಎಂದು ನಾನು ಮಫ್ಲರ್ ತೆಗೆದು ಅವಳ ಕಿವಿಗೆ ಸುತ್ತಿದೆ.

ಆ ವಾರವೇ ಹೆರಿಗೆಯಾಯಿತು. ಹೆಣ್ಣು ಕೂಸು. ಹುಟ್ಟಿದ ಕೂಡಲೇ ಕಿಟಾರನೆ ಕಿರುಚಿತು. ದವಾಖಾನೆಯ ಪಡಸಾಲೆಯಲ್ಲಿ ನಿಂತು ಆ ದನಿ ಕೇಳಿ ನಾನು ನೆಲಕ್ಕೇ ಕೂತುಬಿಟ್ಟೆ. ನಾಸೀರ ನೀರು ತಂದುಕೊಟ್ಟ. ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. ಬ್ಯಾಡಗಿಗೆ ಫೋನು ಮಾಡಿಸಿದರೆ ನನ್ನ ಗಂಡ ಕೇಳಿದ ಮೊದಲ ಮಾತು, "ಅಳತೈತೇನ?" ರಜಾಕ ಅಂದೇ ಊರಿನ ಗಾಡಿ ಹತ್ತಿದ. ಅವನಿಗೆ ದಿಲ್ಲಿ ಸಾಕಾಗಿತ್ತು.

ದವಾಖಾನೆಯಲ್ಲಿ ಅವರದೇ ಬಟ್ಟೆ, ಅವರದೇ ಹಾಸಿಗೆ, ಕೂಸು ಚೆನ್ನಾಗಿತ್ತು. ಮನೆಗೆ ತಂದು ನನ್ನ ಕೌದಿಯ ಮೇಲೆ ಮಲಗಿಸಿದ ಮೇಲೆ ಸೀನು ಶುರುವಾಯಿತು. ಒಂದು, ಎರಡು, ಮೇಲಿಂದ ಮೇಲೆ. ಕಣ್ಣಿನಿಂದ ನೀರು. ಹಾಲು ಕುಡಿಯುತ್ತ ಬಿಟ್ಟು ಬಿಟ್ಟು ಅಳುವುದು. ಹಸೀನಾಗೂ ಸೀನು. ದವಾಖಾನೆ ಬೆಚ್ಚಗಿತ್ತು, ಮನೆ ತಣ್ಣಗಿದೆ ಎಂದುಕೊಂಡೆವು. ಕಿಟಕಿಯ ಸಂದಿಗೆಲ್ಲ ಕಾಗದ ತುರುಕಿದೆ. ಎರಡನೆಯ ಕೌದಿ ಹೊಚ್ಚಿದೆ. ಸೀನು ಹೆಚ್ಚಾಯಿತು. ಮೂರನೆಯದನ್ನು ಹೊಚ್ಚಿದೆ. ಕೂಸಿನ ಎದೆ ಗೊರಗೊರ ಎನ್ನತೊಡಗಿತು. ಡಾಕ್ಟರಿಗೆ ತೋರಿಸಿದರೆ ಅವರೂ ನೆಗಡಿ, ಬೆಚ್ಚಗಿಡಿ ಎಂದರು. ನಾಲ್ಕನೆಯದನ್ನೂ ಹೊಚ್ಚಿ ನನ್ನ ಎದೆಗೇ ಅವಚಿಕೊಂಡು ಕೂತೆ, ನನ್ನ ಮೈ ಶಾಖವಾದರೂ ತಾಗಲೆಂದು. ನನ್ನ ತೊಡೆಯ ಮೇಲೆ ಇದ್ದಷ್ಟು ಹೊತ್ತೂ ಅದಕ್ಕೆ ಸಮಾಧಾನವಿರಲಿಲ್ಲ.

ಹಸೀನಾ ನಿದ್ದೆ ಬಿಟ್ಟಳು. ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತ ಕೂರುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಕೇಳಿದಳು: "ಅಮ್ಮಾ, ಇದೂ ಹೋಗತೈತೇನ?"

"ಥೂ, ಬಾಯಿಗೆ ಬಂದಿದ್ದು ಅಂತೀ ಏನ!" ಎಂದು ಗದರಿದೆ. ಆದರೆ ನನ್ನ ಎದೆಯೂ ಅದನ್ನೇ ಕೇಳುತ್ತಿತ್ತು. ಇಷ್ಟು ದಣಿದು, ಇಷ್ಟು ದೂರ ಬಂದು, ಕಣ್ಣ ಮುಂದೆಯೇ ಕೂಸು ಕೈಬಿಟ್ಟು ಹೋದರೆ ಊರಲ್ಲಿ ಹೆದರಿ ಕೂತ ಆ ಮನುಷ್ಯನಿಗೆ ನಾನು ಫೋನಿನಲ್ಲಿ ಏನು ಹೇಳಲಿ?

ಅಂದು ಸಂಜೆ ನಮಾಜು ಮುಗಿಸಿದವಳಿಗೆ ದೃಷ್ಟಿಯ ನೆನಪಾಯಿತು. ದವಾಖಾನೆಯಿಂದ ಬಂದಾಗ ಕಟ್ಟಡದವರೆಲ್ಲ ಬಂದು ನೋಡಿದ್ದರು, ಕೂಸು ಬೇರೆ ಬೆಳ್ಳಗಿತ್ತು. ಕೂಸಿಗೆಂದು ತಂದಿಟ್ಟ ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಊರಿನಿಂದ ಕಟ್ಟಿಕೊಂಡು ಬಂದಿದ್ದ ಕಾಯಿ, ಒಂದು ಹಿಡಿ ಪೂರ್ತಿ ತೆಗೆದುಕೊಂಡೆ. ಚಿಕ್ಕ ದೃಷ್ಟಿ ಅಲ್ಲವಲ್ಲ. ಹಸೀನಾಳ ತೊಡೆಯ ಮೇಲಿದ್ದ ಕೂಸಿಗೆ ನಿವಾಳಿಸಿ, ಬಿಸ್ಮಿಲ್ಲಾ ಎಂದು ಕೆಂಡಕ್ಕೆ ಸುರಿದೆ. ಕಿಟಕಿ ಬಾಗಿಲು ಬಂದ್ ಆಗಿದ್ದವು. ಹೊಗೆ ಎದ್ದಿತು. ನಾನು ಬಗ್ಗಿ ಮೂಗಿಟ್ಟು ನೋಡಿದೆ. ಘಾಟು ಇಲ್ಲ. ಏನೇನೂ ಇಲ್ಲ.

"ನೋಡು, ನೋಡು! ಎಂಥಾ ಕೆಟ್ಟ ಕಣ್ಣ ಬಿದ್ದಿತ್ತು. ಒಂದೀಟ ಘಾಟ ಇಲ್ಲ" ಎಂದು ತಿರುಗಿದೆ.

ಹಸೀನಾ ಇರಲಿಲ್ಲ. ಕೌದಿಗಳು ನೆಲಕ್ಕೆ ಬಿದ್ದಿದ್ದವು. ಬಾಗಿಲು ತೆರೆದಿತ್ತು. ಹೊರಗಿನಿಂದ ಕೆಮ್ಮು ಕೇಳಿಸಿತು, ಒಬ್ಬರದಲ್ಲ, ಕಟ್ಟಡದ್ದೇ. ಎದುರು ಮನೆಯ ಪಂಜಾಬಿ ಹೆಂಗಸು ಕಣ್ಣೊರೆಸಿಕೊಳ್ಳುತ್ತ, "ಮಿರ್ಚಿ! ಮಿರ್ಚಿ ಜಲಾಯಿ ಕಿಸ್ ನೇ?" ಎಂದು, ಕಾಯಿ ಸುಟ್ಟವರು ಯಾರೆಂದು ಕೂಗುತ್ತಿದ್ದಳು. ಕೆಳಗಿನವರು ಮೆಟ್ಟಿಲಿಳಿದು ಓಡುತ್ತಿದ್ದರು. ನಾಸೀರ ಗೋಡೆ ಹಿಡಿದು ಕೆಮ್ಮುತ್ತಿದ್ದ. ಅಷ್ಟು ಜನರ ನಡುವೆ ಒಣಗಿದ ಕಣ್ಣಿನಲ್ಲಿ, ನೆಟ್ಟಗೆ ನಿಂತಿದ್ದವಳು ನಾನೊಬ್ಬಳೇ.

ಹಸೀನಾ ತೆರೆದ ಮಾಳಿಗೆಯ ತುದಿಯಲ್ಲಿ ಮಂಜಿನೊಳಗೆ ನಿಂತಿದ್ದಳು, ಕೂಸನ್ನು ಬರಿಯ ಅಂಗಿಯಲ್ಲಿ ಹಿಡಿದುಕೊಂಡು. ನನ್ನ ಜೀವ ಹಾರಿಹೋಯಿತು. ಯಾವ ಥಂಡಿಗೆ ಎರಡು ವರ್ಷದಿಂದ ಹೆದರಿ ಸತ್ತಿದ್ದೆವೋ ಆ ಥಂಡಿಯಲ್ಲಿ! ಪಂಜಾಬಿ ಹೆಂಗಸು ತನ್ನ ಶಾಲು ಬಿಚ್ಚಿ ಕೂಸಿಗೆ ಸುತ್ತಿದಳು. ನಾನು ಓಡಿ ಹೋಗಿ ನೋಡಿದೆ. ಕೂಸು ಸೀನುತ್ತಿರಲಿಲ್ಲ. ಅಳುತ್ತಿರಲಿಲ್ಲ. ಆ ಮಂಜಿನ ಗಾಳಿಯನ್ನು ಬಾಯಿ ತೆರೆದು ಉಂಡು, ಸ್ವಲ್ಪ ಹೊತ್ತಿಗೆ ನಿ‌ದ್ದೆ ಹೋಯಿತು. ನಾನು ಎತ್ತಿಕೊಳ್ಳಲು ಹತ್ತಿರ ಬಗ್ಗಿದೆ. ಕೂಸು ಮೂಗು ಅರಳಿಸಿತು, ಸೀನಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಹಾವೇರಿಯ ಮುದುಕಿ, ರಜಾಕನ ಕೆಮ್ಮು, ರೈಲಿನ ಖಾಲಿ ಬೆಂಚು, ಎಲ್ಲ ಒಟ್ಟಿಗೇ ಬಂದು ನನ್ನ ಮುಂದೆ ನಿಂತವು. ಮದುವೆಯಾಗಿ ಬಂದಂದಿನಿಂದ ಕಾಯಿಯಲ್ಲೇ ಕೂತು, ಕಾಯಿಯಲ್ಲೇ ಮಲಗಿ ನನ್ನ ಮೂಗು ಎಂದೋ ಸತ್ತುಹೋಗಿತ್ತು. ಘಾಟು ಕೌದಿಯಲ್ಲಿತ್ತು, ಸೀರೆಯಲ್ಲಿತ್ತು, ನನ್ನ ತಲೆಗೂದಲಲ್ಲಿತ್ತು, ಕೈಯ ಗೆರೆಗಳಲ್ಲಿತ್ತು. ಥಂಡಿಯಿಂದ ಕಾಪಾಡಲು ಬಂದವಳು ಆ ಎಳೆಯ ಮೂಗಿಗೆ ಮೆಣಸಿನಕಾಯಿ ಅರೆದು ಹೊಚ್ಚಿದ್ದೆ.

"ಇನ್ನ ನಾ ಮುಟ್ಟೂದಿಲ್ಲವಾ ಅದನ್ನ" ಎಂದೆ. ಹಸೀನಾ ಏನೋ ಹೇಳಲು ಬಂದಳು. ನಾನು ಕೇಳಲಿಲ್ಲ, ಮೂಲೆ ಹಿಡಿದು ಕೂತು ಮನಸ್ಸು ತಣಿಯುವಷ್ಟು ಅತ್ತೆ.

ಮರುದಿನ ಮುಂಜಾನೆ ಎದ್ದು ಸ್ನಾನಕ್ಕೆ ಕೂತೆ. ಬಿಸಿನೀರು ಒಂದು ಬಕೆಟ್ಟಿಗೇ ಮುಗಿಯಿತು, ಆಮೇಲೆ ನಳದ ನೀರೇ. ಮಾಸ್ತರೇ, ನಿಮ್ಮ ದಿಲ್ಲಿಯ ಥಂಡಿ ಕಾಲಿನಿಂದ ಏರುವುದಲ್ಲ, ನೆತ್ತಿಯಿಂದ ಇಳಿಯುತ್ತದೆ. ಹಲ್ಲು ಕಟಕಟ ಎನ್ನುತ್ತಿದ್ದವು. ಮೈಗೆ ಸೋಪು, ತಲೆಗೆ ಶಾಂಪೂ, ಮತ್ತೆ ಸೋಪು. ಉಗುರಿನ ಸಂದಿಯನ್ನು ಬ್ರಶ್ಶಿನಿಂದ ಉಜ್ಜಿದೆ. ಮಧ್ಯಾಹ್ನ ಮತ್ತೊಂದು ಸಲ ಮಾಡಿದೆ. ನನ್ನ ಸೀರೆ, ಸ್ವೆಟರ್, ಕಂಬಳಿ, ಕೌದಿ ಎಲ್ಲವನ್ನೂ ಗಂಟು ಕಟ್ಟಿ ಮಾಳಿಗೆಯ ಮೂಲೆಗೆ ಎಸೆದು, ಪಂಜಾಬಿ ಹೆಂಗಸು ಕೊಟ್ಟ ಸಲವಾರ್ ಕಮೀಜ್ ಹಾಕಿಕೊಂಡೆ. ಈ ವಯಸ್ಸಿನಲ್ಲಿ! ಬ್ಯಾಡಗಿಯವರು ಕಂಡಿದ್ದರೆ ಸುಗ್ಗಿ ಬಿಟ್ಟು ನಗುತ್ತಿದ್ದರು.

ಹಸೀನಾ ಕೂಸನ್ನು ತಂದು ನನ್ನ ಕೈಯಲ್ಲಿಟ್ಟಳು. ನಾನು ಉಸಿರು ಬಿಗಿಹಿಡಿದೆ. ಅದು ಕಣ್ಣು ಪಿಳಿಪಿಳಿ ಬಿಟ್ಟು ನೋಡಿತು, ಆಕಳಿಸಿತು, ನನ್ನ ಎದೆಗೆ ಕೆನ್ನೆಯೊತ್ತಿ ಮಲಗಿತು. ಎದೆಯ ಗೊರಗೊರ ಕಡಿಮೆಯಾಗಿತ್ತು. ಹುಟ್ಟಿದ ಮೇಲೆ ನನ್ನ ಮೊಮ್ಮಗಳು ನನ್ನ ತೋಳಿನಲ್ಲಿ ನಿದ್ದೆ ಮಾಡಿದ್ದು ಅದೇ ಮೊದಲು.

ಹಸೀನಾ ಪಕ್ಕದಲ್ಲಿ ಕೂತು ನನ್ನ ಹೆಗಲಿಗೆ ತಲೆಯಿಟ್ಟಳು. ಒಂದು ಸಲ ಉಸಿರೆಳೆದಳು. ಇನ್ನೊಂದು ಸಲ ಎಳೆದಳು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು.

"ಅಮ್ಮಾ, ನಿನ್ನ ವಾಸನಿನ ಇಲ್ಲಲ್ಲ."

"ಹೋಗಲಿ ಬಿಡು. ಅದರಿಂದನ ಇಷ್ಟೆಲ್ಲಾ ಆಗಿದ್ದು."

ಅವಳು ಎದ್ದು ಮಾಳಿಗೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಮಂಜು ಕರಗಿ ತೆಳ್ಳನೆಯ ಬಿಸಿಲು ಬಿದ್ದಿತ್ತು. ಕೂಸನ್ನು ಎತ್ತಿಕೊಂಡು ಬಾಗಿಲ ತನಕ ಹೋಗಿ ನೋಡಿದೆ. ಗಂಟು ಬಿಚ್ಚಿತ್ತು. ನನ್ನ ಕಾಯಿ ಬಿಡಿಸುವ ಸೀರೆಗಳ ಕೌದಿಯೊಂದನ್ನು ಮಡಿಲಲ್ಲಿ ಹಾಕಿಕೊಂಡು, ಅದರಲ್ಲಿ ಮುಖ ಹುಗಿದು ಕೂತಿದ್ದಳು ನನ್ನ ಮಗಳು. ಕಾಯಿಯ ರಾಶಿಯ ಮೇಲೆ ಉರುಳಾಡಿ ಬೆಳೆದವಳು, ಬ್ಯಾಡಗಿಯಲ್ಲಿ ಒಂದು ದಿನ ಸೀನಿದವಳಲ್ಲ. ಈಗ ಸೀನಿದಳು, ಮೂಗೊರೆಸಿಕೊಂಡಳು, ಮತ್ತೆ ಮುಖ ಹುಗಿದಳು, ಮತ್ತೆ ಸೀನಿದಳು. ಒಳಗೆ ಬಾ, ಬಾಣಂತಿ ಥಂಡಿಯಲ್ಲಿ ಕೂರಬಾರದು ಎಂದು ಕರೆದೆ. ಅವಳು ಕೌದಿಯನ್ನು ಕೆಳಗಿಡಲಿಲ್ಲ.